ಸರ್ಪಗಂಧದ ಬೇರು ಕಲಿಸಿದ ಮಿದುಳಿನ ಪಾಠ

ಪುಣೆಯಿಂದ ಒಬ್ಬರು ಮೆಸೇಜ್ ಮಾಡಿದ್ದರು: "ಊರಲ್ಲಿ ಅಪ್ಪನಿಗೆ ಬಿಪಿ. ಸರ್ಪಗಂಧದ ಪುಡಿ ಕೊಡಬಹುದಾ ಸರ್? ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇರಲ್ಲ ಅಲ್ವಾ?" ಈ ಪ್ರಶ್ನೆಗೆ ಉತ್ತರ ಇತಿಹಾಸದಲ್ಲೇ ಇದೆ.

1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಈ ಬೇರು ರಕ್ತದೊತ್ತಡಕ್ಕೂ ಮಾನಸಿಕ ಕಾಯಿಲೆಗೂ ಔಷಧ ಎಂದು ಬರೆದರು. 1949ರಲ್ಲಿ ಬಾಂಬೆಯ ಹೃದಯತಜ್ಞ ರುಸ್ತಮ್ ಜಾಲ್ ವಕೀಲ್ 50 ರೋಗಿಗಳಿಗೆ ಇದನ್ನು ಕೊಟ್ಟು ಕಂಡ ಫಲಿತಾಂಶವನ್ನು 'ಬ್ರಿಟಿಷ್ ಹಾರ್ಟ್ ಜರ್ನಲ್'ನಲ್ಲಿ ಪ್ರಕಟಿಸಿದ ಮೇಲೆ ಹೊರದೇಶಗಳೂ ಗಮನ ಕೊಟ್ಟವು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು.

ಬಿಪಿ ಇಳಿಯಿತು, ನಿಜ. ಆದರೆ ಕೆಲವರು ಮಂಕಾದರು. ಇನ್ನು ಕೆಲವರ ಕೈಕಾಲು ಪಾರ್ಕಿನ್ಸನ್ ರೋಗಿಗಳ ಹಾಗೆ ಬಿಗಿದು ನಡುಗತೊಡಗಿದವು. ಯಾಕೆ?

ಮುಂಬೈನವರಿಗೆ ಡಬ್ಬಾವಾಲಾ ಗೊತ್ತಲ್ಲ? ಮನೆಯಲ್ಲಿ ಅಡುಗೆ ಆದರೆ ಸಾಲದು, ಡಬ್ಬಿಗೆ ತುಂಬಿದರೆ ಮಾತ್ರ ಆಫೀಸಿಗೆ ತಲುಪುತ್ತೆ. ನರಕೋಶವೂ ಹಾಗೇ. ಡೋಪಮಿನ್, ಸೆರೊಟೋನಿನ್‌ಗಳನ್ನು ಒಂದು ಪಂಪ್ ಪುಟಾಣಿ ಚೀಲಗಳಿಗೆ ತುಂಬುತ್ತದೆ. ಸಂಕೇತ ಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಚೀಲ ಕೋಶದ ಅಂಚಿಗೆ ಬೆಸೆದುಕೊಂಡು ತನ್ನೊಳಗಿದ್ದದ್ದನ್ನು ಹೊರಗೆ ಸುರಿಯುತ್ತದೆ. ರಿಸರ್ಪಿನ್ ಆ ಪಂಪನ್ನೇ ತಡೆಯುತ್ತದೆ. ಚೀಲ ಸೇರದ ಡೋಪಮಿನ್ ಅನ್ನು ಕೋಶದೊಳಗಿನ ಕಿಣ್ವಗಳು ಒಡೆದುಹಾಕುತ್ತವೆ. ಸಂಕೇತ ಬಂದಾಗ ಚೀಲ ಖಾಲಿ!

1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅವು ಕಿವಿ ಜೋತುಬಿಟ್ಟು ಅಲುಗಾಡದೆ ಕೂತುಬಿಟ್ಟವು. ಡೋಪಮಿನ್‌ನ ಕಚ್ಚಾವಸ್ತುವಾದ ಎಲ್-ಡೋಪಾ ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದಲ್ಲಿ, ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳು ಪರೀಕ್ಷಿಸಿದಾಗ ಡೋಪಮಿನ್ ತೀರಾ ಕಡಿಮೆ ಇತ್ತು. ಅವರಲ್ಲಿ ಪಂಪ್ ನಿಂತದ್ದಲ್ಲ, ಡೋಪಮಿನ್ ತಯಾರಿಸುವ ಕೋಶಗಳೇ ಸತ್ತಿದ್ದವು. ಇವತ್ತಿಗೂ ಪಾರ್ಕಿನ್ಸನ್‌ಗೆ ಮುಖ್ಯ ಔಷಧ ಅದೇ ಎಲ್-ಡೋಪಾ. ಕಾರ್ಲ್‌ಸನ್‌ಗೆ 2000ರಲ್ಲಿ ನೊಬೆಲ್ ಬಂತು.

ಅಂದರೆ ಬೇರಿನ ಗುಣವೂ ಅಪಾಯವೂ ಹುಟ್ಟೋದು ಒಂದೇ ಕಡೆ. ಬಿಪಿ ಇಳಿಸೋ ಅಂಶವೇ ಮಿದುಳಿನ ಡಬ್ಬಿಗಳನ್ನೂ ಖಾಲಿ ಮಾಡುತ್ತೆ. ಗಿಡದಿಂದ ಬಂತು ಅಂದ ಮಾತ್ರಕ್ಕೆ ಅದು ಔಷಧ ಅಲ್ಲದೆ ಹೋಗಲ್ಲ. ಪುಡಿಯಲ್ಲಿ ರಿಸರ್ಪಿನ್ ಎಷ್ಟಿದೆ ಅಂತ ಚಮಚದಲ್ಲಿ ಅಳೆಯೋಕೂ ಆಗಲ್ಲ. ಹಾಗಾಗಿ ಪುಣೆಯ ಗೆಳೆಯರೇ, ಪುಡಿ ಕೊರಿಯರ್ ಮಾಡಬೇಡಿ. ಅಪ್ಪನಿಗೆ ಫೋನ್ ಮಾಡಿ, ಈಗ ಯಾವ ಮಾತ್ರೆ ತಗೊಳ್ತಿದ್ದಾರೆ ಕೇಳಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ.

ಮುಂದಿನ ಮಾತುಕತೆಯಲ್ಲಿ ಸಿಗೋಣ.