ಪರದೆ ಕಪ್ಪಾದರೆ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಯಿತೇ?

ಕೆಲಸ ಮುಗಿಸಿ ದೊಮ್ಮಲೂರಿನ ಬಾಡಿಗೆ ಕೋಣೆಗೆ ಮರಳಿ ಕಂಪ್ಯೂಟರ್ ಆನ್ ಮಾಡಿದ್ದೀರಿ ಎಂದುಕೊಳ್ಳಿ. ಹಿಂದಿನ ರಾತ್ರಿ ವಿಂಡೋಸ್ ತಾನಾಗಿಯೇ ಏನೋ ಅಪ್‌ಡೇಟ್ ಮಾಡಿಕೊಂಡಿತ್ತು. ಮೊದಲಿಗೆ ಮದರ್‌ಬೋರ್ಡ್ ಕಂಪನಿಯ ಲೋಗೋ ಕಾಣಿಸುತ್ತದೆ, ಸುತ್ತುವ ಚುಕ್ಕಿಗಳೂ ಬರುತ್ತವೆ, ಆಮೇಲೆ ಪರದೆ ಪೂರ್ತಿ ಕಪ್ಪು. ಫ್ಯಾನ್ ಮಾತ್ರ ತಿರುಗುತ್ತಲೇ ಇರುತ್ತದೆ. ಗೆಳೆಯರನ್ನು ಕೇಳಿದರೆ 'ಕಾರ್ಡ್ ಹೋಗಿದೆ, ಎಸ್‌ಪಿ ರೋಡಿಗೆ ಹೋಗಿ ಹೊಸದು ತಗೋ' ಎನ್ನುತ್ತಾರೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಬೆಲೆ ಎಷ್ಟೋ ಸಲ ತಿಂಗಳ ಬಾಡಿಗೆಗಿಂತ ಹೆಚ್ಚು. ಅಷ್ಟು ಹಣ ಸುರಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕೆಟ್ಟಿರುವುದು ಕಾರ್ಡೋ, ಅದರ ಡ್ರೈವರೋ?

ಡ್ರೈವರ್ ಎಂದರೇನು?

ಗ್ರಾಫಿಕ್ಸ್ ಕಾರ್ಡ್ ಒಂದು ಯಂತ್ರಾಂಶ. ಅದಕ್ಕೆ ವಿಂಡೋಸ್ ಭಾಷೆ ನೇರವಾಗಿ ಅರ್ಥವಾಗುವುದಿಲ್ಲ. 'ಈ ಕಿಟಕಿಯನ್ನು ಇಲ್ಲಿ ಬಿಡಿಸು' ಎಂಬ ಸೂಚನೆಯನ್ನು ಕಾರ್ಡಿಗೆ ತಿಳಿಯುವಂತೆ ಬದಲಿಸಿ ಕೊಡುವ ದುಭಾಷಿ ತಂತ್ರಾಂಶವೇ ಡ್ರೈವರ್. ದುಭಾಷಿ ತಪ್ಪಿದರೆ ಇಬ್ಬರೂ ಸರಿಯಿದ್ದರೂ ಮಾತು ಕೆಡುತ್ತದೆ.

ಡ್ರೈವರಿನ ಮಹತ್ವ ತಿಳಿಯಲು ಇಂಟೆಲ್ ಉದಾಹರಣೆ ನೋಡಬಹುದು. ದೊಮ್ಮಲೂರಿನ ಮೂಲಕ ಹಾದುಹೋಗುವ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಬಹಳ ವರ್ಷ ಕಚೇರಿ ಹೊಂದಿದ್ದ ಈ ಸಂಸ್ಥೆಯ ಗ್ರಾಫಿಕ್ಸ್ ಚಿಪ್‌ಗಳ ವಿನ್ಯಾಸದಲ್ಲಿ ಬೆಂಗಳೂರಿನ ತಂಡಕ್ಕೂ ಪಾಲಿದೆ. 2022ರಲ್ಲಿ ಅದರ ಆರ್ಕ್ ಕಾರ್ಡ್‌ಗಳು ಬಂದಾಗ ಡೈರೆಕ್ಟ್‌ಎಕ್ಸ್ 9 ಬಳಸುವ ಹಳೆಯ ಆಟಗಳು ಅವುಗಳಲ್ಲಿ ಕುಂಟುತ್ತಿದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಡ್ರೈವರ್ ಬಂತು. ಕಾರ್ಡ್ ಅದೇ, ಆದರೆ ಆಟಗಳ ವೇಗ ಗಣನೀಯವಾಗಿ ಏರಿತು.

ಇದರ ಇನ್ನೊಂದು ಮುಖವೂ ಇದೆ. ವಿಂಡೋಸ್ ವಿಸ್ಟಾ ಬಂದ 2007ರಲ್ಲಿ ದಾಖಲಾದ ಕ್ರ್ಯಾಶ್‌ಗಳಲ್ಲಿ ಶೇ 28ಕ್ಕೂ ಹೆಚ್ಚು ಎನ್‌ವಿಡಿಯಾ ಡ್ರೈವರ್‌ಗಳಿಂದ ಆಗಿದ್ದವು ಎಂಬುದು ಆಮೇಲೆ ನ್ಯಾಯಾಲಯಕ್ಕೆ ಬಂದ ಮೈಕ್ರೋಸಾಫ್ಟ್ ದಾಖಲೆಗಳಿಂದ ಗೊತ್ತಾಯಿತು.

ಕಾರ್ಡೋ ಡ್ರೈವರೋ? ಪತ್ತೆ ಹೇಗೆ?

ಮೊದಲು ಕೇಬಲ್ ನೋಡಿ. ಮಾನಿಟರಿನ ಕೇಬಲ್ಲನ್ನು ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿನ ಕಿಂಡಿಗೆ ಹಾಕಿರುವುದು ಸಾಮಾನ್ಯ ತಪ್ಪು. ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ತಂತಿ ಬೇಕಿದ್ದರೆ ಅದು ಗಟ್ಟಿಯಾಗಿ ಕೂತಿದೆಯೇ ಎಂದೂ ನೋಡಿ.

ಎರಡನೆಯದು, ಲೋಗೋ ಕಾಣುವ ಹೊತ್ತು. ಆಗ ವಿಂಡೋಸಿನ ಡ್ರೈವರ್ ಇನ್ನೂ ಲೋಡ್ ಆಗಿರುವುದಿಲ್ಲ; ಕಾರ್ಡ್ ತನ್ನೊಳಗಿನ ಫರ್ಮ್‌ವೇರ್ ನೆಚ್ಚಿಕೊಂಡು ಚಿತ್ರ ತೋರಿಸುತ್ತದೆ. ಲೋಗೋ ಸ್ವಚ್ಛವಾಗಿ ಕಂಡು ವಿಂಡೋಸ್ ಹಂತದಲ್ಲಿ ಪರದೆ ಕಪ್ಪಾದರೆ ಅನುಮಾನ ಡ್ರೈವರ್ ಮೇಲೆ ಬೀಳಬೇಕು. ಲೋಗೋದಲ್ಲೇ ಪಟ್ಟೆ, ಬಣ್ಣದ ಚುಕ್ಕೆಗಳಿದ್ದರೆ ತೊಂದರೆ ಕಾರ್ಡ್, ಕೇಬಲ್ ಅಥವಾ ಮಾನಿಟರಿನದು.

ಮೂರನೆಯದು, ಸ್ಕ್ರೀನ್‌ಶಾಟ್. ಪರದೆಯಲ್ಲಿ ಪಟ್ಟೆಗಳು ಕಾಣುವಾಗ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಅದರಲ್ಲಿ ಪಟ್ಟೆ ಇಲ್ಲದಿದ್ದರೆ ಮೊದಲು ಕೇಬಲ್ ಮತ್ತು ಮಾನಿಟರ್ ಬದಲಿಸಿ ನೋಡಿ. ಪಟ್ಟೆ ಇದ್ದರೆ ಕಾರ್ಡ್ ಅಥವಾ ಡ್ರೈವರ್.

ಸರಿಪಡಿಸುವ ಕ್ರಮ

ಪರದೆ ದಿಢೀರನೆ ಹೆಪ್ಪುಗಟ್ಟಿದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳ ಜೊತೆ ಬಿ ಒತ್ತಿ. ಪರದೆ ಒಮ್ಮೆ ಮಿಟುಕಿ ಡ್ರೈವರ್ ಮರಳಿ ಶುರುವಾಗುತ್ತದೆ. ವಿಂಡೋಸ್ ತಾನೂ ಇದನ್ನು ಮಾಡುತ್ತದೆ: ಕಾರ್ಡಿನಿಂದ ಎರಡು ಸೆಕೆಂಡ್ ಉತ್ತರ ಬಾರದಿದ್ದರೆ ಡ್ರೈವರನ್ನು ರೀಸೆಟ್ ಮಾಡುತ್ತದೆ. 'ಡಿಸ್‌ಪ್ಲೇ ಡ್ರೈವರ್ ಚೇತರಿಸಿಕೊಂಡಿದೆ' ಎಂಬ ಅರ್ಥದ ಸಂದೇಶ ಬರುವುದು ಇದರಿಂದಲೇ.

ಏನೂ ಕಾಣದಿದ್ದರೆ ಸೇಫ್ ಮೋಡ್ ಬೇಕು. ವಿಂಡೋಸ್ ಶುರುವಾಗುವಾಗ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಕವರಿ ಪರದೆ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋಗಿ, ರೀಸ್ಟಾರ್ಟ್ ಆದ ಮೇಲೆ 4 ಒತ್ತಿ. ಬಿಟ್‌ಲಾಕರ್ ಇರುವ ಯಂತ್ರ ಈ ಹಂತದಲ್ಲಿ ರಿಕವರಿ ಕೀ ಕೇಳಬಹುದು. ಅದನ್ನು ಬೇರೆಡೆ ಬರೆದಿಟ್ಟುಕೊಂಡಿರುವುದು ಒಳ್ಳೆಯದು.

ಸೇಫ್ ಮೋಡ್‌ನಲ್ಲಿ ಕಾರ್ಡ್ ಕಂಪನಿಯ ಡ್ರೈವರ್ ಬದಲು ವಿಂಡೋಸಿನ ಸರಳ ಡ್ರೈವರ್ ಕೆಲಸ ಮಾಡುತ್ತದೆ. ಅಲ್ಲಿ ಎಲ್ಲ ಸರಿಯಾಗಿ ಕಂಡರೆ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ನಿಮ್ಮ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಹಿಂದಿನ ಆವೃತ್ತಿ ಮರಳುತ್ತದೆ. ಆ ಬಟನ್ ಮಂಕಾಗಿದ್ದರೆ ಹಳೆಯ ಪ್ರತಿ ಉಳಿದಿಲ್ಲ ಎಂದರ್ಥ. ಆಗ ಡ್ರೈವರನ್ನು ತೆಗೆದುಹಾಕಿ, ಕಾರ್ಡ್ ತಯಾರಕರ ತಾಣದಿಂದಲೇ ಹಿಂದಿನ ಆವೃತ್ತಿ ಇಳಿಸಿಕೊಂಡು ಹಾಕಿ. ಅಲ್ಲಿಯವರೆಗೆ ಇಂಟರ್‌ನೆಟ್ ಕಡಿದಿಡಿ. ಇಲ್ಲವಾದರೆ ವಿಂಡೋಸ್ ಅದೇ ತೊಂದರೆಯ ಡ್ರೈವರನ್ನು ಮತ್ತೆ ತಂದು ಕೂರಿಸಬಹುದು.

ಉಬುಂಟು ಬಳಸುವವರಿಗೆ ಒಂದು ಮಾತು. ಸೆಕ್ಯೂರ್ ಬೂಟ್ ಆನ್ ಇದ್ದಾಗ ಎನ್‌ವಿಡಿಯಾ ಡ್ರೈವರ್ ಹಾಕಿದರೆ ಪಾಸ್‌ವರ್ಡ್ ಒಂದನ್ನು ಕೇಳಿ, ಮುಂದಿನ ಸಲ ಆನ್ ಮಾಡುವಾಗ ನೀಲಿ ಪರದೆಯಲ್ಲಿ ಅದನ್ನು ಖಚಿತಪಡಿಸಿಕೊಳ್ಳುವುದುಂಟು. ಗಾಬರಿಯಿಂದ ಅದನ್ನು ದಾಟಿಹೋದರೆ ಡ್ರೈವರ್ ಲೋಡ್ ಆಗುವುದೇ ಇಲ್ಲ.

ಮೂರು ತಪ್ಪುಕಲ್ಪನೆಗಳು

'ಹೊಸ ಡ್ರೈವರ್ ಯಾವಾಗಲೂ ಒಳ್ಳೆಯದು': ಹಾಗೇನಿಲ್ಲ. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ತನ್ನ 196.75 ಆವೃತ್ತಿಯನ್ನು ಹಿಂತೆಗೆದುಕೊಳ್ಳಬೇಕಾಯಿತು; ಅದನ್ನು ಹಾಕಿಕೊಂಡ ಕೆಲವರ ಕಾರ್ಡ್‌ಗಳಲ್ಲಿ ಫ್ಯಾನ್ ಸರಿಯಾಗಿ ತಿರುಗದೆ ಶಾಖ ಏರುತ್ತಿತ್ತು. ಭದ್ರತೆಯ ಅಪ್‌ಡೇಟ್‌ಗಳನ್ನು ಬಿಡಬಾರದು ನಿಜ, ಆದರೆ ನಾಳೆ ಬೆಳಿಗ್ಗೆ ಮುಖ್ಯ ಕೆಲಸವಿದೆ ಎಂದಾಗ ಇಂದು ರಾತ್ರಿ ಡ್ರೈವರ್ ಬದಲಿಸಬೇಡಿ.

'ಡ್ರೈವರ್ ಹುಡುಕಿಕೊಡುವ ಉಚಿತ ತಂತ್ರಾಂಶ ಹಾಕಿದರೆ ಸಾಕು': ಇವುಗಳಲ್ಲಿ ಕೆಲವು ತಪ್ಪು ಡ್ರೈವರ್ ಹಾಕುತ್ತವೆ, ಕೆಲವು ಬೇಡದ್ದನ್ನೂ ಜೊತೆಗೆ ತರುತ್ತವೆ. ಲ್ಯಾಪ್‌ಟಾಪಾದರೆ ಲ್ಯಾಪ್‌ಟಾಪ್ ತಯಾರಕರ ತಾಣವನ್ನು ಮೊದಲು ನೋಡಿ.

'ಕೋಡ್ 43 ಬಂದರೆ ಕಾರ್ಡ್ ಸತ್ತಂತೆ': ಸಾಧನ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂಬುದಷ್ಟೇ ಈ ಸಂದೇಶದ ಅರ್ಥ. ಕಾರಣ ಡ್ರೈವರೂ ಇರಬಹುದು, ಕಾರ್ಡೂ ಇರಬಹುದು.

ಹಾಗಾದರೆ ಅಂಗಡಿಗೆ ಹೋಗುವುದು ಯಾವಾಗ? ಲೋಗೋ ಪರದೆಯಲ್ಲೇ ಚಿತ್ರ ಕೆಟ್ಟಿದ್ದು, ಕೇಬಲ್ ಮತ್ತು ಮಾನಿಟರ್ ಬದಲಿಸಿದರೂ ಹಾಗೇ ಇದ್ದಾಗ; ಅಥವಾ ಡ್ರೈವರ್ ಬದಲಿಸಿದ ಮೇಲೂ ಭಾರೀ ಆಟ ಆಡುವಾಗಲೆಲ್ಲ ಕಂಪ್ಯೂಟರ್ ಆಫ್ ಆಗುತ್ತಿದ್ದಾಗ. ಎರಡನೆಯದರಲ್ಲಿ ಪವರ್ ಸಪ್ಲೈ ಕೂಡ ಕಾರಣವಿರಬಹುದು. ಸಾಧ್ಯವಾದರೆ ನಿಮ್ಮ ಕಾರ್ಡನ್ನು ಗೆಳೆಯರ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಅದು ಸಲೀಸಾಗಿ ಓಡಿದರೆ ಹೊಸ ಕಾರ್ಡಿನ ಹಣ ಉಳಿಯಿತು.