ಚಾರ್ಟರ್ ವಿಮಾನ ಕಡಿಮೆಯಾದ ಮೇಲೆ ಗೋವಾ

ಗೋವಾದ ಕಡಲತೀರ ಖಾಲಿಯಾಯಿತು ಎಂಬ ಕೂಗಿನಲ್ಲಿ ಅರ್ಧ ಮಾತ್ರ ನಿಜ. 2019ರಲ್ಲಿ 9 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದಿದ್ದರು. 2024ರಲ್ಲಿ ಬಂದವರು ಅದರ ಅರ್ಧದಷ್ಟು. ಆದರೆ ಅದೇ ವರ್ಷ ದೇಶದೊಳಗಿನಿಂದ ಹೋದವರು ಸುಮಾರು 1 ಕೋಟಿ. ಕುಸಿದಿರುವುದು ವಿದೇಶಿಯರನ್ನೇ ನೆಚ್ಚಿಕೊಂಡಿದ್ದ ಕಸುಬು, ಅದರ ಬೇರು ಮೊದಲಿನಿಂದಲೂ ಸಡಿಲವಾಗಿತ್ತು. 1960ರ ದಶಕದ ಕೊನೆಗೆ ಕಲಂಗುಟ್, ಅಂಜುನಾಗಳಿಗೆ ಬಂದ ಹಿಪ್ಪಿಗಳು ಊರವರ ಮನೆಯಲ್ಲೇ ಕೋಣೆ ಹಿಡಿದು ತಿಂಗಳುಗಟ್ಟಲೆ ಉಳಿಯುತ್ತಿದ್ದರು. 1980ರ ದಶಕದಲ್ಲಿ ಚಾರ್ಟರ್ ವಿಮಾನಗಳು ಇಳಿಯತೊಡಗಿದ ಮೇಲೆ ಲೆಕ್ಕ ಬದಲಾಯಿತು: ಪ್ರವಾಸಿ ಕಂಪನಿ ವಿಮಾನದ ಸೀಟುಗಳನ್ನೂ ಹೋಟೆಲಿನ ಕೋಣೆಗಳನ್ನೂ ಸಗಟಾಗಿ ಹಿಡಿದು ಮಾರುತ್ತಿತ್ತು. ಗೋವಾದ ಹಂಗಾಮು ಹೇಗಿರಬೇಕೆಂಬುದು ಲಂಡನ್, ಮಾಸ್ಕೋಗಳ ಕಚೇರಿಗಳಲ್ಲಿ ತೀರ್ಮಾನವಾಗುತ್ತಿತ್ತು. 2014ರಲ್ಲಿ ರೂಬಲ್ ಬಿದ್ದಾಗ ರಷ್ಯನ್ನರು ಕಡಿಮೆಯಾದರು; 2019ರ ಸೆಪ್ಟೆಂಬರಿನಲ್ಲಿ 178 ವರ್ಷ ಹಳೆಯ ಬ್ರಿಟಿಷ್ ಪ್ರವಾಸಿ ಕಂಪನಿ ಥಾಮಸ್ ಕುಕ್ ಮುಳುಗಿತು; ಬೆನ್ನಿಗೇ ಕೋವಿಡ್, ಆಮೇಲೆ ಉಕ್ರೇನ್ ಯುದ್ಧ.

ಕೋವಿಡ್ ಎಲ್ಲರಿಗೂ ಬಂದಿತ್ತಲ್ಲ, ಥಾಯ್ಲೆಂಡ್ ಚೇತರಿಸಿಕೊಳ್ಳಲಿಲ್ಲವೇ, ತಪ್ಪು ಟ್ಯಾಕ್ಸಿ ಬಾಡಿಗೆ, ಕೋಣೆ ದರ, ಕಸದ ರಾಶಿಯದೇ ಎನ್ನುವವರಿದ್ದಾರೆ. ಆ ದೂರು ಸುಳ್ಳಲ್ಲ. ಆದರೆ ಈ ತೊಂದರೆಗಳು ನಿನ್ನೆ ಮೊನ್ನೆಯವಲ್ಲ. ಪ್ಯಾಕೇಜಿನಲ್ಲಿ ಬಂದವರನ್ನು ಕಂಪನಿಯ ಬಸ್ಸೇ ನಿಲ್ದಾಣದಿಂದ ಹೋಟೆಲಿಗೆ ಒಯ್ಯುತ್ತಿತ್ತು. ಬಾಡಿಗೆಗೆ ಚೌಕಾಸಿ ಮಾಡುವ ಪ್ರಮೇಯವೇ ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಪ್ಯಾಕೇಜು ಕಡಿಮೆಯಾದ ಮೇಲೆ ಒಬ್ಬಂಟಿಯಾಗಿ ಬಂದವನು ಪ್ರತಿಯೊಂದರ ಬೆಲೆಯನ್ನೂ ತಾನೇ ಕೇಳಬೇಕಾಯಿತು, ಕೇಳಿ ಬ್ಯಾಂಕಾಕಿನ ಜೊತೆ ತೂಗಿಯೂ ನೋಡಿದ. 2023ರ ನವೆಂಬರಿನಿಂದ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡವೆಂದಿತು. ಈಗ ಆ ತಕ್ಕಡಿ ಬೆಂಗಳೂರಿನವರ ಕೈಯಲ್ಲೂ ಇದೆ. ಗದ್ದಲ ಬೇಡವೆಂದವರಂತೂ ಎಂದೋ ದಕ್ಷಿಣಕ್ಕೆ ಸರಿದು ಗೋಕರ್ಣದ ಓಂ ಬೀಚು ಸೇರಿದ್ದರು.