ಬಡಾವಣೆಯ ಅಂಗಡಿಬೀದಿ: ಮಾರೇನಹಳ್ಳಿ–ವಿಜಯನಗರ ಪರಿಸರದ ಒಂದು ಚಾರಿತ್ರಿಕ ಅವಲೋಕನ

ಬೆಂಗಳೂರಿನ ವಾಣಿಜ್ಯ ಚರಿತ್ರೆಯನ್ನು ಕುರಿತ ಬರವಣಿಗೆಯು ಬಹುಮಟ್ಟಿಗೆ ಎರಡು ನೆಲೆಗಳ ಸುತ್ತಲೇ ಸುಳಿದಿದೆ. ಒಂದು, ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳಲಾಗುವ ಪೇಟೆ. ಇನ್ನೊಂದು, 1809ರ ತರುವಾಯ ಬೆಳೆದ ದಂಡುಪ್ರದೇಶ. ದೊಡ್ಡಪೇಟೆ, ಚಿಕ್ಕಪೇಟೆ, ಅಕ್ಕಿಪೇಟೆ, ಅರಳೇಪೇಟೆಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಸ್ವಾತಂತ್ರ್ಯೋತ್ತರ ಬಡಾವಣೆಗಳ ಅಂಗಡಿಬೀದಿಗಳಿಗೆ ಚರಿತ್ರೆಯೆಂಬುದು ಇರಬಹುದೆಂದು ಯಾರೂ ಅಷ್ಟಾಗಿ ಭಾವಿಸಿದಂತಿಲ್ಲ. ನಗರದ ಪಶ್ಚಿಮ ಭಾಗದ ಮಾರೇನಹಳ್ಳಿ ಹಾಗೂ ಅದಕ್ಕೆ ಹೊಂದಿಕೊಂಡಿರುವ ವಿಜಯನಗರದ ಪರಿಸರವನ್ನು ಆಧಾರವಾಗಿಟ್ಟುಕೊಂಡು ಈ ಕೊರತೆಯ ಪರಿಣಾಮವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಕೇವಲ ವಿದ್ವತ್ತಿನ ಕೊರತೆಯಲ್ಲ. ಯಾರು ಬೀದಿಯಲ್ಲಿ ಉಳಿಯಬೇಕು, ಯಾರು ತೆರಳಬೇಕು ಎಂಬ ತೀರ್ಮಾನದಲ್ಲಿ ಅದರ ಪಾತ್ರವಿದೆ.

ಬೆಂಗಳೂರಿನಲ್ಲಿ ಮಾರೇನಹಳ್ಳಿಗಳು ಎರಡಿವೆ. ಜಯನಗರ, ಜೆ.ಪಿ. ನಗರಗಳ ನಡುವಿನದು ಒಂದಾದರೆ, ನಾವು ಇಲ್ಲಿ ನೋಡುತ್ತಿರುವುದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಕಾಲದಲ್ಲಿ 125ನೆಯ ವಾರ್ಡಾಗಿದ್ದ ಮಾರೇನಹಳ್ಳಿಯನ್ನು. ಇದರ ನೆರೆಯ ಹೆಸರುಗಳನ್ನು ಗಮನಿಸಿದರೆ ಹಳೆಯ ಭೂಪಟವೇ ಕಣ್ಣಮುಂದೆ ಬರುತ್ತದೆ: ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ, ಪಟ್ಟೇಗಾರಪಾಳ್ಯ. ಹಳ್ಳಿ, ಕುಪ್ಪೆ, ಪಾಳ್ಯ ಎಂಬ ಈ ಅಂತ್ಯಪದಗಳ ನಡುವೆ ವಿಜಯನಗರ, ಹಂಪಿನಗರ ಎಂಬ ಹೆಸರುಗಳು ತಡವಾಗಿ ಬಂದು ಸೇರಿದವು. ಸಾಮ್ರಾಜ್ಯದ ಸ್ಮರಣೆಯನ್ನು ಹೊತ್ತ ಈ ಹೆಸರುಗಳು ಬಡಾವಣೆಯವು, ಹಳ್ಳಿಯವಲ್ಲ.

1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು. 1949ರಲ್ಲಿ ರಾಜಾಜಿಯವರ ಹೆಸರಿನಲ್ಲಿ ರಾಜಾಜಿನಗರ ರೂಪುಗೊಳ್ಳತೊಡಗಿದ ಮೇಲೆ ನಗರದ ಪಶ್ಚಿಮದ ಅಂಚು ಮಾಗಡಿ ರಸ್ತೆಯನ್ನು ದಾಟಿ ಮುಂದೆ ಸರಿಯಿತು. ಮುಂದಿನ ದಶಕಗಳಲ್ಲಿ ಮಂಡಳಿಯೂ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಹೊಲಗದ್ದೆಗಳನ್ನು ನಿವೇಶನಗಳಾಗಿ ವಿಂಗಡಿಸಿದವು. ಹಾಗೆ ಮಾಡುವಾಗ ಗ್ರಾಮಠಾಣೆಯನ್ನು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಊರ ಸುತ್ತಲಿನ ಜಮೀನು ಮುಖ್ಯರಸ್ತೆ, ಅಡ್ಡರಸ್ತೆಗಳಾಗಿ ನೇರ ಗೆರೆಗಳಲ್ಲಿ ಹರಡಿಕೊಂಡರೆ ಊರು ಮಾತ್ರ ತನ್ನ ಓಣಿಗಳೊಡನೆ ನಡುವೆ ಉಳಿಯುತ್ತಿತ್ತು.

ಅಂಗಡಿಬೀದಿಯ ಹುಟ್ಟನ್ನು ತಿಳಿಯಲು ಈ ಅಂಶ ಅತ್ಯಗತ್ಯ. ಬಡಾವಣೆಯ ಮನೆಯೆಂದರೆ ಕಾಂಪೌಂಡು, ಗೇಟು, ಮುಂದೆ ಬಿಡಬೇಕಾದ ಖಾಲಿ ಜಾಗ. ಹಳ್ಳಿಯ ಮನೆಯ ಜಗಲಿಯಾದರೋ ನೇರವಾಗಿ ಓಣಿಗೇ ತೆರೆದುಕೊಂಡಿರುತ್ತದೆ. ಜಗಲಿಗೆ ಬಾಗಿಲು ಇಟ್ಟರೆ ಮಳಿಗೆ ಸಿದ್ಧ. ಯೋಜನಾಕಾರರು ವ್ಯಾಪಾರಕ್ಕೆಂದು ವಾಣಿಜ್ಯ ಸಂಕೀರ್ಣವೊಂದನ್ನು ಗುರುತಿಸಿಕೊಟ್ಟಿದ್ದರೂ ಹಾಲು, ಸೊಪ್ಪು, ದಿನಸಿ, ಹೊಲಿಗೆ, ಗಿರಣಿಗಳು ನೆಲೆಯೂರಿದ್ದು ಹಳ್ಳಿಯ ಓಣಿಯು ಬಡಾವಣೆಯ ರಸ್ತೆಯನ್ನು ಕೂಡುವ ಅಂಚಿನಲ್ಲಿ. ಕಲಾಸಿಪಾಳ್ಯದ ಸಗಟು ಮಾರುಕಟ್ಟೆಯಿಂದ ತರಕಾರಿ ತಂದು ಮಾರುವ ತಳ್ಳುಗಾಡಿಗಳೂ ಅಲ್ಲಿಯೇ ನಿಂತವು. ನಕ್ಷೆಯಲ್ಲಿ ಇಲ್ಲದ ಮಾರುಕಟ್ಟೆಯೇ ಜನರ ಬಳಕೆಯಲ್ಲಿ ನಿಜವಾದ ಮಾರುಕಟ್ಟೆಯಾಯಿತು.

ಹೀಗೆ ಬೆಳೆದ ಬೀದಿಯಲ್ಲಿ ಕಟ್ಟಡದ ಮಾಲೀಕರು, ಬಾಡಿಗೆಯ ವರ್ತಕರು, ಬೀದಿಬದಿಯ ವ್ಯಾಪಾರಿಗಳು ಮತ್ತು ಹಿಂದಿನ ಅಡ್ಡರಸ್ತೆಗಳ ನಿವಾಸಿಗಳು ಎಂಬ ನಾಲ್ಕು ವರ್ಗಗಳಿವೆ. ಒಬ್ಬರಿಲ್ಲದೆ ಒಬ್ಬರಿಗೆ ನಡೆಯದು. ಆದರೂ ಬೀದಿಯ ಪುನರಭಿವೃದ್ಧಿಯ ಪ್ರಶ್ನೆ ಎದ್ದಾಗಲೆಲ್ಲ ಇವರ ಹಿತಗಳು ಬೇರೆಬೇರೆ ದಿಕ್ಕಿಗೆ ಎಳೆಯುತ್ತವೆ. ಮನೆಯ ಮುಂದೆ ವಾಹನ ನಿಲ್ಲಿಸಲು ಸ್ಥಳವಿಲ್ಲ, ಸಂಜೆಯಾದರೆ ಕೊಳೆತ ಸೊಪ್ಪಿನ ರಾಶಿ, ಪಾದಚಾರಿ ಮಾರ್ಗದಲ್ಲಿ ವೃದ್ಧರು ನಡೆಯುವಂತಿಲ್ಲ ಎಂಬ ನಿವಾಸಿಗಳ ದೂರನ್ನು ಅನುಕೂಲಸ್ಥರ ಅಸಹನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ದೂರು ನಿಜ. ಅದೇ ನಿವಾಸಿ ಮನೆಗೆ ಮರಳುವಾಗ ಕೊತ್ತಂಬರಿ ಕಟ್ಟನ್ನು ಕೊಳ್ಳುವುದು ಆ ಗಾಡಿಯಲ್ಲೇ ಎಂಬುದೂ ನಿಜ.

2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ–2015 ಮಿಶ್ರ ಭೂಬಳಕೆಗೆ ಹೆಚ್ಚಿನ ಅವಕಾಶ ಕೊಟ್ಟು ಈ ಇಕ್ಕಟ್ಟನ್ನು ಬಿಗಿಗೊಳಿಸಿತು. ವಸತಿ ಪ್ರದೇಶಗಳಲ್ಲಿ ವಾಣಿಜ್ಯ ಹಬ್ಬುವುದನ್ನು ನಗರದ ಹಲವೆಡೆ ನಿವಾಸಿ ಸಂಘಗಳು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲೇರಿದವು. ಕಟ್ಟಡ ಕೆಡವಿ ಕಟ್ಟಿದರೆ ಮಾಲೀಕನಿಗೆ ಲಾಭವೆಂಬ ಸ್ಥಿತಿ ಒದಗಿತು. ಬಾಡಿಗೆದಾರನ ರಕ್ಷಣೆ ಅಷ್ಟರಲ್ಲಾಗಲೇ ತೆಳುವಾಗಿತ್ತು: 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಮೂವತ್ತು ವರ್ಷ ಒಂದೇ ಮಳಿಗೆಯಲ್ಲಿ ಗಿರಾಕಿಗಳನ್ನು ಸಂಪಾದಿಸಿದ ವರ್ತಕನು ಕಟ್ಟಡ ಕೆಡವುವ ದಿನ ಕೊಟ್ಟ ಮುಂಗಡವನ್ನಷ್ಟೇ ಹಿಂಪಡೆದು ಹೊರಡುತ್ತಾನೆ. ಗಿರಾಕಿಯೆಂಬ ಆಸ್ತಿ ಯಾವ ಖಾತೆಯಲ್ಲಿಯೂ ದಾಖಲಾಗಿರುವುದಿಲ್ಲ.

ಇದೇ ಕಾಲದಲ್ಲಿ ಸಾರಿಗೆ ಯೋಜನೆಗಳು ಬಂದವು. ನರ್ಮ್ ಯೋಜನೆಯಡಿ ವಿಜಯನಗರದಲ್ಲಿ ಬಸ್ ನಿಲ್ದಾಣ ಸಂಕೀರ್ಣ ನಿರ್ಮಾಣವಾಯಿತು. 2015ರ ನವೆಂಬರ್ 16ರಂದು ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಯವರೆಗಿನ ಮೆಟ್ರೋ ಮಾರ್ಗ ತೆರೆಯಿತು. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿಗಳು ನಿಲ್ದಾಣಗಳಾದವು. ಮೆಟ್ರೋ ಅಂಗಡಿಬೀದಿಯನ್ನು ಕೊಂದಿತೆಂದು ಹೇಳುವವರಿದ್ದಾರೆ. ಇದು ಅರ್ಧಸತ್ಯ. ನಿಲ್ದಾಣದ ಮೆಟ್ಟಿಲಿಳಿದು ಬರುವ ಜನಸಂದಣಿ ತಳ್ಳುಗಾಡಿಯವನಿಗೆ ಹೊಸ ಗಿರಾಕಿಯನ್ನು ತಂದಿತು. ಮಳಿಗೆಯ ಬಾಡಿಗೆಯನ್ನೂ ಏರಿಸಿತು. ಅದೇ ಕಾರಣದಿಂದ ಪಾದಚಾರಿ ಮಾರ್ಗದ ಪ್ರತಿ ಅಡಿಯೂ ವಿವಾದದ ವಸ್ತುವಾಯಿತು.

ಈ ವಿವಾದಕ್ಕೆ ಪಾಲಿಕೆ ಸೂಚಿಸಿದ ಪರಿಹಾರವೇ ವಿಜಯನಗರ ಮೆಟ್ರೋ ನಿಲ್ದಾಣದ ಸಮೀಪದ ನೆಲದಡಿಯ, ಹವಾನಿಯಂತ್ರಿತ ಮಾರುಕಟ್ಟೆ. ದೆಹಲಿಯ ಪಾಲಿಕಾ ಬಜಾರಿನ ಮಾದರಿಯಲ್ಲಿ ಸುಮಾರು 13 ಕೋಟಿ ರೂಪಾಯಿ ವೆಚ್ಚದಲ್ಲಿ ನಿರ್ಮಾಣಗೊಂಡ, 79 ಮಳಿಗೆಗಳ ಈ ಕೃಷ್ಣದೇವರಾಯ ಪಾಲಿಕೆ ಬಜಾರನ್ನು 2024ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. ಬಿಸಿಲು ಮಳೆಗಳಲ್ಲಿ ದುಡಿದವರಿಗೆ ಸೂರು ಒದಗಿಸುವ ಉದ್ದೇಶವನ್ನು ಗೌರವಿಸಲೇಬೇಕು. ಆದರೆ ಬೀದಿವ್ಯಾಪಾರದ ಜೀವಾಳವಿರುವುದು ದಾರಿಯಲ್ಲಿ ಹೋಗುವವನ ಕಣ್ಣಿಗೆ ಬೀಳುವುದರಲ್ಲಿ. ಮೆಟ್ಟಿಲಿಳಿದು ಹುಡುಕಿಕೊಂಡು ಹೋಗಿ ಕೊಳ್ಳುವ ವಸ್ತು ಬೇರೆ, ನಡೆಯುತ್ತ ಕೊಳ್ಳುವ ವಸ್ತು ಬೇರೆ. ಬಟ್ಟೆ, ಆಟಿಕೆಗಳಿಗೆ ಹೊಂದುವ ಸ್ಥಳ ಸೊಪ್ಪಿಗೆ, ಹೂವಿಗೆ ಹೊಂದುವುದೆಂದು ಹೇಳಲಾಗದು.

ಬಜಾರಿಗಿಟ್ಟ ಹೆಸರು ಇನ್ನೊಂದು ಸಂಗತಿಯನ್ನು ನೆನಪಿಗೆ ತರುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ರಾಜಧಾನಿಯ ಅಂಗಡಿಬೀದಿಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಅವು ಬಯಲಿನ ಬೀದಿಗಳು. ಅದೇ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ನೆಲೆಸಿದ್ದ ಕುಟುಂಬಗಳನ್ನೂ ಅಂಗಡಿಗಳನ್ನೂ ಸ್ಮಾರಕ ರಕ್ಷಣೆಯ ಕಾರಣಕ್ಕಾಗಿ 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಅಲ್ಲಿ ಬೀದಿಗೆ ಚರಿತ್ರೆ ಇದೆಯೆಂಬ ಕಾರಣಕ್ಕೆ ವ್ಯಾಪಾರಿಗಳು ಹೊರಹೋದರು. ಇಲ್ಲಿ ಬೀದಿಗೆ ಚರಿತ್ರೆ ಇಲ್ಲವೆಂಬ ಗ್ರಹಿಕೆಯಿಂದ ಅವರನ್ನು ಸ್ಥಳಾಂತರಿಸುವುದು ಸುಲಭವಾಗಿದೆ.

ಚರಿತ್ರೆಯ ಬಲವೆಂದರೇನೆಂಬುದನ್ನು ಅವೆನ್ಯೂ ರಸ್ತೆ ತೋರಿಸಿತು. 2009ರ ಸುಮಾರಿಗೆ ಅದರ ಅಗಲೀಕರಣದ ಪ್ರಸ್ತಾಪ ಬಂದಾಗ ವರ್ತಕರು ಒಟ್ಟಾಗಿ ನಿಂತರು. ಇದು ಕೆಂಪೇಗೌಡನ ದೊಡ್ಡಪೇಟೆ ಎಂಬ ಮಾತು ಅವರ ಬೆಂಬಲಕ್ಕಿತ್ತು. ಬಡಾವಣೆಯ ವ್ಯಾಪಾರಿಗೆ ಅಂಥ ಮಾತಿಲ್ಲ. ಆತನಿಗಿರುವುದು 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡಬಾರದೆಂದೂ, ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳ ಪ್ರತಿನಿಧಿಗಳಿಗೆ ಇರಬೇಕೆಂದೂ ಅದು ವಿಧಿಸುತ್ತದೆ. ಸಂಶೋಧಕರ ಗಮನ ಸೆಳೆಯಬೇಕಾದ ಅಂಶ ಮತ್ತೊಂದಿದೆ: ಐವತ್ತು ವರ್ಷಗಳಿಗೂ ಮೀರಿ ವ್ಯಾಪಾರ ನಡೆದಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಕೂಡದು ಎಂದು ಕಾಯಿದೆಯ ಅನುಸೂಚಿ ಹೇಳುತ್ತದೆ.

ನಗರದ ಪಶ್ಚಿಮದ ಬಡಾವಣೆಗಳು ಈಗ ಐವತ್ತರ ಹೊಸ್ತಿಲಲ್ಲಿವೆ, ಕೆಲವು ಅದನ್ನು ದಾಟಿಯೂ ಇವೆ. ಆದ್ದರಿಂದ ಮಾರೇನಹಳ್ಳಿಯ ಓಣಿಯ ತುದಿಯಲ್ಲಿ ಮೊದಲ ಗಾಡಿ ಯಾವ ವರ್ಷ ನಿಂತಿತೆಂಬುದು ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. ಅದು ಕಾನೂನಿನ ಪ್ರಶ್ನೆ. ಅದಕ್ಕೆ ಉತ್ತರಿಸಬಲ್ಲ ಆಕರಗಳಾದರೂ ಯಾವುವು? ಮಳಿಗೆಯವನ ಬಳಿ ಪರವಾನಗಿ, ಬಾಡಿಗೆ ಕರಾರು, ವಿದ್ಯುತ್ ಬಿಲ್ಲುಗಳಿರುತ್ತವೆ. ಗಾಡಿಯವನ ಬಳಿ ಇವಾವುವೂ ಇರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯು ಐದು ನಗರಪಾಲಿಕೆಗಳಾಗಿ ವಿಭಜನೆಗೊಂಡ ಮೇಲೆ ಹಳೆಯ ವಾರ್ಡು ಕಚೇರಿಗಳ ಕಡತಗಳ ಗತಿಯೂ ಚಿಂತೆಯ ವಿಷಯವೇ. ಮೊದಲ ತಲೆಮಾರಿನ ವ್ಯಾಪಾರಿಗಳ ಮೌಖಿಕ ಹೇಳಿಕೆಗಳನ್ನು ಅವರು ಬದುಕಿರುವಾಗಲೇ ದಾಖಲಿಸುವ ಕೆಲಸವನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೈಗೆತ್ತಿಕೊಳ್ಳಬೇಕು. ಅದರೊಡನೆ, ನೆಲವಳಿಯ ಚೀಟಿಗಳನ್ನೂ ರಸ್ತೆಗೆ ಅಡ್ಡಿಪಡಿಸಿದ್ದಕ್ಕಾಗಿ ಕಟ್ಟಿದ ದಂಡದ ರಸೀದಿಗಳನ್ನೂ ಸಂಗ್ರಹಿಸಬೇಕು. ಇಂಥ ವ್ಯಾಪಾರಿಯು ಇಂಥ ದಿನ ಇಂಥ ಸ್ಥಳದಲ್ಲಿ ಇದ್ದನೆಂದು ಸರ್ಕಾರವೇ ಮುದ್ರೆಯೊತ್ತಿ ಬರೆದುಕೊಟ್ಟಿರುವ ದಾಖಲೆಯೆಂದರೆ, ಬಹಳ ಸಲ, ಆ ದಂಡದ ರಸೀದಿಯೊಂದೇ.